ಕಿರಣಕೋವಿ

ಮಕ್ಕಳ ಆಟವು ಬಹುಮಟ್ಟಿಗೆ ಹಿರಿಯರ ಬದುಕಿನ ಅನುಕರಣೆ. ಮಣ್ಣಿನ ಕುಡಿಕೆಯಲ್ಲಿ ಅಡುಗೆ ಮಾಡುವುದು, ಮರದ ಬಂಡಿಯನ್ನು ಎಳೆಯುವುದು ಇವೆಲ್ಲ ಕಂಡದ್ದನ್ನು ಆಡಿ ನೋಡುವ ಬಗೆಗಳು. ಆದರೆ ಹಿರಿಯರಾರೂ ಕಂಡಿರದ ವಸ್ತುವನ್ನು ಮಕ್ಕಳು ಮೊದಲೇ ಕೈಯಲ್ಲಿ ಹಿಡಿದು ಆಡಿದ ನಿದರ್ಶನವೂ ಉಂಟು. ಅಮೆರಿಕದ ಮಕ್ಕಳ ಕಿರಣಕೋವಿ ಅಂಥದು.

ಗುಂಡಿನ ಬದಲು ಸುಡುವ ಕಿರಣವನ್ನು ಹೊಮ್ಮಿಸುವ ಆಯುಧ ಮೊದಲು ಹುಟ್ಟಿದ್ದು ಕಥೆಗಳಲ್ಲಿ. 1898ರಲ್ಲಿ ಪುಸ್ತಕವಾಗಿ ಪ್ರಕಟವಾದ ಎಚ್. ಜಿ. ವೆಲ್ಸ್ ಅವರ ಕಾದಂಬರಿಯೊಂದರಲ್ಲಿ ಮಂಗಳಗ್ರಹದ ಜೀವಿಗಳು ಇಂಗ್ಲೆಂಡಿನ ಊರುಗಳನ್ನು ಸುಡುವುದು ಇಂಥ ಕಿರಣದಿಂದಲೇ. 1929ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ‘ಬಕ್ ರೋಜರ್ಸ್’ ಎಂಬ ಚಿತ್ರಕಥೆ ಆರಂಭವಾಯಿತು. ಐದು ಶತಮಾನ ಕಾಲ ನಿದ್ರಿಸಿ ಎಚ್ಚೆತ್ತ ಯುವಕನೊಬ್ಬನ ಅಂತರಿಕ್ಷ ಸಾಹಸಗಳೇ ಅದರ ವಸ್ತು. ಅವನ ಕೈಯಲ್ಲಿದ್ದ ಆಯುಧ ಮಕ್ಕಳ ಮನಸ್ಸನ್ನು ಸೆರೆಹಿಡಿಯಿತು.

ಅದನ್ನು ಆಟಿಕೆಯಾಗಿ ತಯಾರಿಸಿದ್ದು ಮಿಶಿಗನ್ ರಾಜ್ಯದ ಪ್ಲಿಮತ್ ಎಂಬ ಊರಿನ ಡೈಸಿ ಕಂಪನಿ. 1882ರಲ್ಲಿ ಗಾಳಿಯಂತ್ರಗಳ ತಯಾರಿಕೆಗಾಗಿ ಸ್ಥಾಪನೆಗೊಂಡ ಸಂಸ್ಥೆಯೇ ಮುಂದೆ ಈ ಹೆಸರಿನಿಂದ ಮಕ್ಕಳ ಗಾಳಿಕೋವಿಗಳಿಗೆ ಪ್ರಸಿದ್ಧವಾಯಿತು. 1934ರಲ್ಲಿ ಅದು ‘ಎಕ್ಸ್‌ಜೆಡ್-31’ ಎಂಬ ತಗಡಿನ ರಾಕೆಟ್ ಪಿಸ್ತೂಲನ್ನು ಮಾರಾಟಕ್ಕೆ ತಂದಿತು. ಬೆಲೆ ಅರ್ಧ ಡಾಲರ್. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅದು ಅಲ್ಪ ಮೊತ್ತವಲ್ಲ; ಆದರೂ ಮಕ್ಕಳು ಅದಕ್ಕಾಗಿ ಹಾತೊರೆದರು. ಅದರಿಂದ ಗುಂಡು ಹಾರುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು. ಮರುವರ್ಷದ ‘ಎಕ್ಸ್‌ಜೆಡ್-38’ರಲ್ಲಿ ಕುದುರೆಯನ್ನು ಎಳೆದೊಡನೆ ಒಳಗೆ ಚಕಮಕಿಯ ತುಂಡು ಉಜ್ಜಿ ಕಿಡಿಗಳು ಹಾರುತ್ತಿದ್ದವು, ಆ ಬೆಳಕು ಕೋವಿಯ ಕಿಂಡಿಯಲ್ಲಿ ಮಿನುಗುತ್ತಿತ್ತು. ಒಂದು ಸದ್ದು, ಒಂದು ಕಿಡಿ. ಉಳಿದ ಗ್ರಹ, ನೌಕೆ, ಶತ್ರುಗಳೆಲ್ಲ ಮಕ್ಕಳ ಕಲ್ಪನೆಯ ಸೃಷ್ಟಿ.

ಎರಡನೆಯ ಮಹಾಯುದ್ಧ ಬಂದಾಗ ಲೋಹವು ಯುದ್ಧಸಾಮಗ್ರಿಗೆ ಮೀಸಲಾಗಿ, 1942ರಲ್ಲಿ ಲೋಹದ ಆಟಿಕೆಗಳ ತಯಾರಿಕೆ ನಿಂತಿತು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಯುರೇನಿಯಂ-235ರ ಬಾಂಬು ಬಿದ್ದಿತು. ಯುದ್ಧ ಮುಗಿದ ಮೇಲೆ ಹಳೆಯ ಕಿರಣಕೋವಿ ಮತ್ತೆ ಅಂಗಡಿಗೆ ಬಂದಾಗ ಅದಕ್ಕೆ ‘ಯು-235 ಅಣು ಪಿಸ್ತೂಲು’ ಎಂಬ ಹೊಸ ಹೆಸರಿತ್ತು. ಸಾವಿರಾರು ಮಕ್ಕಳನ್ನು ಬಲಿತೆಗೆದುಕೊಂಡ ಧಾತುವಿನ ಹೆಸರು ಮಕ್ಕಳ ಆಟಿಕೆಗೇ ಬಂದಿತು. ಆ ಹೆಸರನ್ನು ಇಟ್ಟವರು ಮಕ್ಕಳಲ್ಲ.

1960ರ ಮೇ 16ರಂದು ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಎಂಬ ವಿಜ್ಞಾನಿ ಮಾಣಿಕ್ಯದ ಕಡ್ಡಿಯಿಂದ ಮೊತ್ತಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ಕಥೆಯ ಕಿರಣ ಹೀಗೆ ನಿಜದ ಕಿರಣವಾಯಿತು. ಮರುವರ್ಷವೇ ನ್ಯೂಯಾರ್ಕಿನ ವೈದ್ಯರು ಅದನ್ನು ಬಳಸಿ ರೋಗಿಯೊಬ್ಬರ ಕಣ್ಣಿನ ಒಳಪದರದಲ್ಲಿದ್ದ ಗಡ್ಡೆಯನ್ನು ನಾಶಮಾಡಿದರು. ಸಕ್ಕರೆ ಕಾಯಿಲೆಯಿಂದ ಕುಂದುವ ದೃಷ್ಟಿಯನ್ನು ಉಳಿಸಲು ಇಂದು ನಮ್ಮ ನಾಡಿನ ಕಣ್ಣಾಸ್ಪತ್ರೆಗಳಲ್ಲಿಯೂ ಲೇಸರ್ ಬಳಕೆಯಲ್ಲಿದೆ. ಬಾಂಬನ್ನು ಗುರಿಯೆಡೆಗೆ ನಡೆಸುವುದಕ್ಕೂ ಲೇಸರ್ ಕಿರಣವೇ ಒದಗುತ್ತದೆ.

ಕಿರಣಕ್ಕೆ ತನ್ನದೇ ಆದ ಇಚ್ಛೆಯಿಲ್ಲ. ಬಾಲ್ಯದಲ್ಲಿ ಅದನ್ನು ಕನಸುವ ಮನಸ್ಸೇ ಬೆಳೆದ ಮೇಲೆ ಅದಕ್ಕೆ ಕೆಲಸವನ್ನೂ ಗೊತ್ತುಮಾಡಬೇಕಾಗುತ್ತದೆ.