ಸಜ್ಜೆಯ ಬೀಜೋಪಚಾರ ಮತ್ತು ಎಳೆಸಸಿಯ ಬೆಳವಣಿಗೆ

ಬಿತ್ತುವ ಬೀಜಕ್ಕೆ ರಾಸಾಯನಿಕವನ್ನು ಲೇಪಿಸುವ ಕ್ರಮ ನಮ್ಮ ನಾಡಿಗೆ ಹೊಸತಲ್ಲ. ಜೋಳದ ಕಾಡಿಗೆ ರೋಗವನ್ನು ತಡೆಯಲು ಗಂಧಕದ ಪುಡಿಯನ್ನು ಬೀಜಕ್ಕೆ ಬೆರೆಸುವುದನ್ನು ಹಳೆಯ ತಲೆಮಾರಿನ ರೈತರೂ ಬಲ್ಲರು. ಅಲ್ಲಿ ರೋಗದ ಕಣಗಳು ಕಾಳಿನ ಹೊರಮೈಗೆ ಅಂಟಿರುವುದರಿಂದ ಪುಡಿ ಸೋಕಿದರೆ ಸಾಕು. ಸಜ್ಜೆಯ ಬೂಜುತುಪ್ಪಟ ರೋಗದ ಸಂಗತಿ ಹಾಗಲ್ಲ. ಇದನ್ನುಂಟುಮಾಡುವ ಸ್ಕ್ಲೆರೋಸ್ಪೋರ ಗ್ರಾಮಿನಿಕೋಲದ (ರೂಢಿಯಲ್ಲಿ ಇದನ್ನು ಶಿಲೀಂಧ್ರವೆನ್ನುತ್ತೇವೆ, ವರ್ಗೀಕರಣದಲ್ಲಿ ಇದರ ಸ್ಥಾನ ಈಗ ಬೇರೆ) ಗಟ್ಟಿ ಕವಚದ ಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಮೊಳಕೆ ಹೊರಟೊಡನೆ ರೋಗವು ಎಳೆಯ ಅಂಗಾಂಶವನ್ನು ಹೊಕ್ಕು, ಸಸಿಯೊಡನೆಯೇ ಬೆಳೆದು, ಕೊನೆಗೆ ತೆನೆಯಲ್ಲಿ ಕಾಳಿನ ಬದಲು ಹಸಿರೆಲೆಗಳು ಮೂಡುವಂತೆ ಮಾಡುತ್ತದೆ. 1971ರ ಸುಮಾರಿಗೆ ಎಚ್.ಬಿ. 3 ಎಂಬ ಸಂಕರ ತಳಿ ಇದಕ್ಕೆ ತುತ್ತಾದಾಗ ದೇಶದ ಸಜ್ಜೆಯ ಬೆಳೆಗೆ ಒದಗಿದ ನಷ್ಟ ಅಲ್ಪವಾದುದಲ್ಲ.

1970ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಮೆಟಲಾಕ್ಸಿಲ್ ಈ ತೊಡಕನ್ನು ಬಹುಮಟ್ಟಿಗೆ ನೀಗಿತು. ಒಂದು ಕಿಲೋ ಬೀಜಕ್ಕೆ ಶೇಕಡ 35ರ ಪುಡಿ 6 ಗ್ರಾಂ. ಮೊಳಕೆಯು ಅದನ್ನು ಹೀರಿ ಮೇಲಕ್ಕೊಯ್ಯುತ್ತದೆ. ಆದರೆ ಇಂತಹ ಔಷಧಕ್ಕೆ ರೋಗಕಾರಿ ಒಗ್ಗಿಹೋಗಬಲ್ಲುದು. ಯೂರೋಪಿನ ಆಲೂಗಡ್ಡೆಯ ಅಂಗಮಾರಿಯಲ್ಲಿ 1980ರಲ್ಲಿಯೇ ಹಾಗಾಯಿತು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಚ್. ಶೇಖರ್ ಶೆಟ್ಟಿಯವರೂ ಅವರ ಸಹಸಂಶೋಧಕರೂ ಮತ್ತೊಂದು ದಾರಿಯನ್ನು ಹಿಡಿದರು. 2001ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಸಜ್ಜೆಯ ಬೀಜಗಳನ್ನು ಬೀಟಾ-ಅಮೈನೋಬ್ಯುಟಿರಿಕ್ ಆಮ್ಲದಿಂದ ಉಪಚರಿಸಲಾಗಿತ್ತು. ಇಲ್ಲಿನ ಉದ್ದೇಶ ರೋಗಕಾರಿಯನ್ನು ನೇರವಾಗಿ ಕೊಲ್ಲುವುದಲ್ಲ. ಸಸಿಯ ಸ್ವಂತ ರಕ್ಷಣಾಶಕ್ತಿಯನ್ನು ಎಚ್ಚರಿಸುವುದು.

ಈ ಎಚ್ಚರಕ್ಕೆ ಬೆಲೆಯುಂಟು. ಸಜ್ಜೆಯ ಸಾವಿರ ಕಾಳುಗಳು ಸುಮಾರು ಹತ್ತು ಗ್ರಾಂ ತೂಗುತ್ತವೆ. ಅಷ್ಟು ಸಣ್ಣ ಕಾಳಿನ ಆಹಾರಸಂಚಯದಿಂದಲೇ ಬೇರೂ ಕಾಂಡವೂ ರಕ್ಷಣೆಯೂ ನಡೆಯಬೇಕು. ದ್ರಾವಣ ತೀಕ್ಷ್ಣವಾದರೆ ರೋಗ ತಗ್ಗಿದರೂ ಸಸಿ ಕುಗ್ಗೀತು. ಆದುದರಿಂದ ಮೊಳೆತ ಕಾಳುಗಳನ್ನು ಎಣಿಸುವುದಷ್ಟೇ ಸಾಲದು. 1973ರಲ್ಲಿ ಅಬ್ದುಲ್-ಬಾಕಿ ಮತ್ತು ಆಂಡರ್ಸನ್ ಸೂಚಿಸಿದಂತೆ, ಮೊಳಕೆಯ ಶೇಕಡಾ ಪ್ರಮಾಣವನ್ನು ಸಸಿಯ ಸರಾಸರಿ ಉದ್ದದಿಂದ ಗುಣಿಸಿದರೆ ಸಸಿಯ ಚೈತನ್ಯಾಂಕ ದೊರೆಯುತ್ತದೆ. ಎರಡು ತಂಡದ ಬೀಜಗಳು ಶೇಕಡ 90ರಷ್ಟು ಮೊಳೆತವೆನ್ನೋಣ. ಒಂದರ ಸಸಿ 16 ಸೆಂಟಿಮೀಟರು, ಇನ್ನೊಂದರದು 11 ಆದರೆ ಅಂಕಗಳು 1440 ಮತ್ತು 990. ಎಣಿಕೆಯಲ್ಲಿ ಕಾಣದ ಅಂತರ ಇಲ್ಲಿ ಎದ್ದುಕಾಣುತ್ತದೆ.

ವಿದ್ಯಾರ್ಥಿಗಳು ಮೇಲಿಂದ ಮೇಲೆ ಎಡವುವುದು ಹೋಲಿಕೆಯ ತಂಡದಲ್ಲಿ. ದ್ರಾವಣದಲ್ಲಿ ನೆನೆದ ಬೀಜವನ್ನು ಒಣಬೀಜದೊಡನೆ ಹೋಲಿಸುವುದು ಸಲ್ಲದು. ಬರಿಯ ನೀರಿನಲ್ಲಿ ನೆನೆದ ಬೀಜವೂ ಬೇಗ ಮೊಳೆಯುತ್ತದೆ. ಅಷ್ಟೇ ಹೊತ್ತು ನೀರಿನಲ್ಲಿ ನೆನೆಸಿದ ತಂಡವೊಂದನ್ನು ಜೊತೆಗಿಡದಿದ್ದರೆ ನೀರು ಮಾಡಿದ ಕೆಲಸವೆಲ್ಲ ರಾಸಾಯನಿಕದ ಲೆಕ್ಕಕ್ಕೆ ಸೇರಿಬಿಡುತ್ತದೆ.