ಕಂಡರೂ ಕಾಣದ ಸೈಕಲ್

ಉರುಳುವ ಸೈಕಲ್ ಏಕೆ ಬೀಳುವುದಿಲ್ಲ ಎಂಬುದಕ್ಕೆ ವಿಜ್ಞಾನಿಗಳು ಬಹುಕಾಲ ಎರಡು ಉತ್ತರ ಹೇಳುತ್ತಿದ್ದರು. ಒಂದು, ತಿರುಗುವ ಚಕ್ರದ ಗೈರೋಸ್ಕೋಪ್ ಗುಣ. ಇನ್ನೊಂದು, ಮುಂದಿನ ಫೋರ್ಕ್ ವಾಲಿಕೊಂಡಿರುವ ರೀತಿ. 2011ರಲ್ಲಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಎರಡೂ ಕೆಲಸ ಮಾಡದಂಥ ಒಂದು ವಿಚಿತ್ರ ಸೈಕಲ್ ಕಟ್ಟಿ ತಳ್ಳಿಬಿಟ್ಟರು. ಸವಾರನಿಲ್ಲದೆ ಅದೂ ನೆಟ್ಟಗೆ ಹೋಯಿತು. ಒಟ್ಟಿನಲ್ಲಿ ಗೊತ್ತಿರುವುದು ಇಷ್ಟು: ಸ್ವಲ್ಪ ವೇಗ ಸಿಕ್ಕಿದರೆ ಸೈಕಲ್ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಎಡಕ್ಕೆ ವಾಲಿದರೆ ಹ್ಯಾಂಡಲ್ ತಾನಾಗಿ ಎಡಕ್ಕೆ ಹೊರಳಿ, ಚಕ್ರ ನಮ್ಮ ಭಾರದ ಅಡಿಗೆ ಬಂದು ನಿಲ್ಲುತ್ತದೆ.

ಹಾಗಾಗಿ ಮೈದಾನದಲ್ಲಿ ಸಲೀಸಾಗಿ ಸುತ್ತು ಹೊಡೆಯುವವರಿಗೂ ರಸ್ತೆಗಿಳಿದ ಕೂಡಲೆ ಕೈ ನಡುಗಿದರೆ ಅದು ಬ್ಯಾಲೆನ್ಸಿನ ತೊಂದರೆಯಲ್ಲ. ಹಿಂದಿನಿಂದ ಬರುತ್ತಿರುವ ಬಸ್ಸಿನ ಡ್ರೈವರಿಗೆ ನಾವು ಕಂಡೆವೋ ಇಲ್ಲವೋ ಎಂಬ ಅನುಮಾನ. ಆ ಅನುಮಾನ ಪೂರ್ತಿ ನ್ಯಾಯವಾದದ್ದು.

ಗುದ್ದಿದವರು ಸಾಮಾನ್ಯವಾಗಿ ಹೇಳುವ ಮಾತು, 'ಕಾಣಿಸಲೇ ಇಲ್ಲ ಸಾರ್, ಎಲ್ಲಿಂದ ಬಂದನೋ.' ಸುತ್ತ ನೆರೆದವರು ನಂಬುವುದಿಲ್ಲ. ಆದರೆ ಎಷ್ಟೋ ಸಲ ಆತ ನಿಜವನ್ನೇ ಹೇಳುತ್ತಿರುತ್ತಾನೆ. ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿ ನೋಡಿ. ಅದರ ಅಗಲದಷ್ಟು ಜಾಗ ಮಾತ್ರ ನಮ್ಮ ಕಣ್ಣಿಗೆ ನಿಚ್ಚಳವಾಗಿ ಕಾಣುವುದು, ಕೋನದ ಲೆಕ್ಕದಲ್ಲಿ ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಆ ಕೊರತೆ ತುಂಬಲು ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ಜಿಗಿಯುತ್ತಲೇ ಇರುತ್ತದೆ, ಜಿಗಿಯುವ ಹೊತ್ತಿನಲ್ಲಿ ಮಿದುಳು ದೃಶ್ಯವನ್ನು ತಡೆಹಿಡಿಯುತ್ತದೆ. ಆ ತುಂಡುಗಳನ್ನು ಹೊಲಿದು ಒಂದೇ ಚಿತ್ರವೆಂದು ನಮ್ಮನ್ನು ನಂಬಿಸುವುದೂ ಅದೇ ಮಿದುಳು. ಕ್ರಾಸಿನಲ್ಲಿ ನಿಂತ ಕಾರಿನವನು ಗಡಿಬಿಡಿಯಲ್ಲಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ಕತ್ತು ತಿರುಗಿಸಿದಾಗ, ಎರಡು ಜಿಗಿತಗಳ ನಡುವೆ ಒಂದು ಸೈಕಲ್ ಜಾರಿಹೋಗುವುದು ಕಷ್ಟವೇನಲ್ಲ. ಲಾರಿ ಜಾರಿಹೋಗುವುದಿಲ್ಲ, ಅದು ದೊಡ್ಡದು. ಮೇಲಾಗಿ, ಮಿದುಳು ನಿರೀಕ್ಷಿಸಿದ್ದನ್ನೇ ಹುಡುಕುತ್ತದೆ.

ಇನ್ನೊಂದು ಮೋಸವನ್ನು ಹಡಗಿನವರೂ ವಿಮಾನದವರೂ ಚೆನ್ನಾಗಿ ಬಲ್ಲರು. ಎರಡು ವಾಹನ ತಂತಮ್ಮ ವೇಗ ಬದಲಿಸದೆ, ಒಂದೇ ಬಿಂದುವನ್ನು ಒಂದೇ ಹೊತ್ತಿಗೆ ಮುಟ್ಟುವಂತೆ ನೇರವಾಗಿ ಬರುತ್ತಿದ್ದರೆ, ಒಬ್ಬರ ಕಣ್ಣಿನಲ್ಲಿ ಇನ್ನೊಬ್ಬರು ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ನಿಂತಲ್ಲೇ ನಿಂತಂತೆ ಕಂಡು, ಕೊನೆಯ ಗಳಿಗೆಯಲ್ಲಿ ಧುತ್ತೆಂದು ದೊಡ್ಡದಾಗುತ್ತಾರೆ. ಚಲಿಸದ್ದನ್ನು ಕಣ್ಣಂಚು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾರಿನ ಮುಂಗಾಜಿನ ಪಕ್ಕದ ಕಂಬದ ಹಿಂದೆ ಆ ಜಾಗ ಬಿದ್ದರಂತೂ ಸೈಕಲ್ಲೂ ಸವಾರನೂ ಒಟ್ಟಿಗೇ ಮಾಯ.

ಇಷ್ಟು ತಿಳಿದರೆ ಟ್ರಾಫಿಕ್ಕಿನಲ್ಲಿ ಸೈಕಲ್ ಕಲಿಯುವುದೆಂದರೆ ಏನು ಎಂಬುದು ಸ್ಪಷ್ಟವಾಗುತ್ತದೆ. ಡ್ರೈವರಿನ ಕಣ್ಣು ಎಲ್ಲಿ ಹುಡುಕುತ್ತದೋ ಅಲ್ಲಿ ಇರುವುದನ್ನು, ಮುಂದೇನು ಮಾಡುತ್ತೇವೆಂದು ಅವನಿಗೆ ಮೊದಲೇ ತಿಳಿಸುವುದನ್ನು ಕಲಿಯಬೇಕು. ಧೈರ್ಯ ಅದರ ಹಿಂದೆ ಬರುತ್ತದೆ. ಮೊದಲು ಧೈರ್ಯ ತಂದುಕೊಂಡು ಆಮೇಲೆ ಕಲಿಯುತ್ತೇನೆ ಎನ್ನುವವರನ್ನು ಕಂಡರೆ ನನಗೆ ಭಯ.

ಹೊಸಬರು ಮಾಡುವ ಮೊದಲ ತಪ್ಪು, ರಸ್ತೆಯ ಎಡ ಅಂಚಿಗೆ ಅಂಟಿಕೊಳ್ಳುವುದು. ಅಲ್ಲಿ ಮರಳು, ಮೋರಿಯ ಜಾಲರಿ, ಅಗೆದು ಮುಚ್ಚಿದ ಗುಂಡಿ ಎಲ್ಲ ಇರುತ್ತವೆ. ಗುಂಡಿ ತಪ್ಪಿಸಲು ತಟ್ಟನೆ ಬಲಕ್ಕೆ ಎಳೆದಾಗಲೇ ಹಿಂದಿನ ಬೈಕ್ ಬಂದು ತಾಗುವುದು. ಅಂಚಿನಿಂದ ಒಂದು ಮೀಟರ್ ಒಳಗೆ ನೇರ ಗೆರೆಯಲ್ಲಿ ಹೋಗಿ. ನಿಂತ ಕಾರುಗಳ ಸಾಲಿನ ಪಕ್ಕದಲ್ಲೂ ಅಷ್ಟೇ ಅಂತರ ಬೇಕು, ಏಕೆಂದರೆ ಬಾಗಿಲು ತೆರೆದರೆ ಹತ್ತಿರಹತ್ತಿರ ಒಂದು ಮೀಟರ್ ಚಾಚುತ್ತದೆ. ಇಂಗ್ಲೆಂಡಿನ ಜಾನ್ ಫ್ರಾಂಕ್ಲಿನ್ 1988ರಲ್ಲಿ 'ಸೈಕಲ್‌ಕ್ರಾಫ್ಟ್' ಎಂಬ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಓವರ್‌ಟೇಕ್ ಮಾಡಲು ಜಾಗವಿಲ್ಲದ ಕಿರಿದಾದ ಕಡೆ ಸೈಕಲ್ ಸವಾರ ಲೇನಿನ ನಡುವೆಯೇ ಹೋಗಬೇಕು ಎಂದ. ಆದರೆ ಬಾತ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಇಯಾನ್ ವಾಕರ್ ಸೈಕಲ್ಲಿಗೆ ಅಳತೆಯ ಸಾಧನ ಕಟ್ಟಿಕೊಂಡು, ತನ್ನನ್ನು ದಾಟಿದ ಎರಡು ಸಾವಿರಕ್ಕೂ ಹೆಚ್ಚು ವಾಹನಗಳ ಅಂತರ ಅಳೆದು 2007ರಲ್ಲಿ ಪ್ರಕಟಿಸಿದ. ಅಂಚಿನಿಂದ ದೂರ ಹೋದಷ್ಟೂ ವಾಹನಗಳು ಹೆಚ್ಚು ಹತ್ತಿರದಿಂದ ದಾಟಿದ್ದವು. ಇಬ್ಬರದ್ದೂ ನಿಜವೆಂದೇ ನನ್ನ ಎಣಿಕೆ. ದಾಟಲು ಜಾಗ ಇರುವ ರಸ್ತೆಯಲ್ಲಿ ನಡುವೆ ಹೋಗಿ ಹಠ ಹಿಡಿಯಬೇಡಿ. ಜಾಗ ಇಲ್ಲದ ಕಡೆ ಇದೆಯೆಂಬ ಭ್ರಮೆ ಹಿಂದಿನವರಿಗೆ ಹುಟ್ಟಿಸಬೇಡಿ.

ವಾಕರ್ ಹೆಲ್ಮೆಟ್ ಹಾಕಿದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹತ್ತಿರ ಬಂದವಂತೆ. ಆ ಲೆಕ್ಕವನ್ನು ಆಮೇಲೆ ಬೇರೆಯವರು ಪ್ರಶ್ನಿಸಿದ್ದಾರೆ. ಗಾಯಗೊಂಡ 64 ಸಾವಿರಕ್ಕೂ ಹೆಚ್ಚು ಸವಾರರ ಮಾಹಿತಿ ಒಟ್ಟುಗೂಡಿಸಿದ 2016ರ ಒಂದು ವಿಶ್ಲೇಷಣೆಯಂತೂ, ಹೆಲ್ಮೆಟ್ ಇದ್ದವರಿಗೆ ತಲೆಗೆ ತೀವ್ರ ಪೆಟ್ಟಾಗುವ ಸಂಭವ ಸುಮಾರು ಶೇ. 70ರಷ್ಟು ಕಡಿಮೆ ಎನ್ನುತ್ತದೆ. ಹಾಕಿಕೊಳ್ಳಿ.

ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಎಡಗಡೆ ನುಸುಳುವ ಚಪಲ ಎಲ್ಲರಿಗೂ ಇದೆ. ಅದನ್ನು ಬಿಡಲೇಬೇಕು. ಉದ್ದನೆಯ ವಾಹನ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಮುಂಭಾಗ ನಮ್ಮನ್ನು ದಾಟಿ ಹೋಯಿತು, ಬಚಾವ್ ಎಂದುಕೊಳ್ಳುವಷ್ಟರಲ್ಲಿ ಬಸ್ಸಿನ ಪಕ್ಕ ಫುಟ್‌ಪಾತಿನ ಕಡೆಗೆ ಒತ್ತಿಕೊಂಡು ಬಂದಿರುತ್ತದೆ. ಬಲಗಡೆ ಕುಳಿತ ಡ್ರೈವರಿಗೆ ಬಸ್ಸಿನ ಎಡಬದಿ ಕನ್ನಡಿಯಲ್ಲಿ ಕಂಡಷ್ಟೇ, ಅದರಲ್ಲೂ ಮುಂದಿನ ಎಡಮೂಲೆಯ ಕೆಳಗಿನ ಜಾಗ ಬಹುತೇಕ ಕುರುಡು. ಬಸ್ಸಿನ ಹಿಂದೆ ನಿಂತು ಹೊಗೆ ಕುಡಿಯುವುದು ಹಿತವಲ್ಲ, ಆದರೂ ಅಲ್ಲೇ ನಿಲ್ಲಿ.

ರಾಂಗ್ ಸೈಡಿನಲ್ಲಿ ಹೋದರೆ ಎದುರಿನ ವಾಹನ ಕಾಣುತ್ತದೆ, ಅದೇ ಸುರಕ್ಷಿತ ಎಂದು ವಾದಿಸುವವರಿದ್ದಾರೆ. ಲೆಕ್ಕ ಹಾಕೋಣ. ನಿಮ್ಮ ವೇಗ ಗಂಟೆಗೆ 15 ಕಿ.ಮೀ., ಬೈಕಿನದು 40. ಒಂದೇ ದಿಕ್ಕಿನಲ್ಲಿದ್ದರೆ 30 ಮೀಟರ್ ಹಿಂದಿನ ಬೈಕ್ ನಿಮ್ಮನ್ನು ಮುಟ್ಟಲು ನಾಲ್ಕು ಸೆಕೆಂಡಿಗೂ ಹೆಚ್ಚು ಬೇಕು. ಎದುರಾಬದುರಾದರೆ ಎರಡೇ ಸೆಕೆಂಡು. ಇದಕ್ಕಿಂತ ದೊಡ್ಡ ಅಪಾಯ ಅಡ್ಡರಸ್ತೆಗಳದ್ದು: ಮುಖ್ಯರಸ್ತೆಗೆ ಎಡಕ್ಕೆ ಹೊರಳುವವನು ಬಲಕ್ಕೆ ಮಾತ್ರ ನೋಡುತ್ತಾನೆ, ನೀವು ಅವನ ಎಡದಿಂದ ಬರುತ್ತಿರುತ್ತೀರಿ.

ಬ್ರೇಕಿನ ಬಗ್ಗೆ ಒಂದು ಮಾತು. 'ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ' ಎಂದು ನಮ್ಮ ಹಿರಿಯರು ಹೇಳಿಕೊಟ್ಟದ್ದು ಅರ್ಧ ಸತ್ಯ. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಹಿಂದಿನ ಚಕ್ರಕ್ಕೆ ಹಿಡಿತ ಉಳಿಯುವುದಿಲ್ಲ. ಮುಂದಿನದು ಅದರ ಎರಡರಷ್ಟು ಜೋರಾಗಿ ನಿಲ್ಲಿಸಬಲ್ಲದು. ಎರಡನ್ನೂ ಹಿಡಿಯಿರಿ, ಮುಂದಿನದನ್ನು ಮೆಲ್ಲಗೆ ಬಿಗಿಮಾಡುತ್ತ, ಮೈ ಹಿಂದಕ್ಕೆ ಸರಿಸುತ್ತ. ಮಳೆಯಲ್ಲಿ ನೆನೆದ ರಿಮ್ಮಿಗೆ ರಬ್ಬರ್ ಕಚ್ಚಲು ಹೊತ್ತು ಹಿಡಿಯುತ್ತದೆ, ಅದಕ್ಕಾಗಿ ಮೊದಲೇ ಶುರುಮಾಡಿ.

ರಾತ್ರಿಯ ವಿಷಯದಲ್ಲಿ ವಿಜ್ಞಾನ ಹೇಳುವುದು ನಿಜಕ್ಕೂ ಸೊಗಸು. 1973ರಲ್ಲಿ ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ ಕತ್ತಲಲ್ಲಿ ಮನುಷ್ಯರ ಕೀಲುಗಳಿಗೆ ಮಾತ್ರ ಬೆಳಕಿನ ಚುಕ್ಕೆ ಹಚ್ಚಿ ನಡೆಸಿದ. ನಿಂತಿದ್ದಾಗ ಬರೀ ಚುಕ್ಕೆಗಳು. ಹೆಜ್ಜೆ ಇಟ್ಟ ಕ್ಷಣವೇ ನೋಡುವವರಿಗೆ 'ಮನುಷ್ಯ' ಎಂದು ಹೊಳೆಯಿತು. ಆಸ್ಟ್ರೇಲಿಯಾದ ಜೊಆನ್ ವುಡ್ ಮತ್ತು ಸಂಗಡಿಗರು ಈ ತತ್ವವನ್ನು ಸೈಕಲ್ಲಿಗೆ ತಂದು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿನುಗುವ ಪಟ್ಟಿಯ ಜಾಕೆಟ್ ಮಾತ್ರ ತೊಟ್ಟವರನ್ನು ಡ್ರೈವರ್‌ಗಳು ಅರ್ಧದಷ್ಟು ಸಲ ಗುರುತಿಸಿದರು. ಮೊಣಕಾಲು, ಕಣಕಾಲಿಗೂ ಪಟ್ಟಿ ಕಟ್ಟಿದಾಗ ಶೇ. 90. ಹಗಲಲ್ಲಿ ಕಣ್ಣು ಕುಕ್ಕುವ ಫ್ಲೋರೊಸೆಂಟ್ ಹಳದಿ ರಾತ್ರಿ ಶೇ. 15 ಮಾತ್ರ, ಏಕೆಂದರೆ ಆ ಬಣ್ಣ ಉರಿಯಲು ಬಿಸಿಲಿನ ನೇರಳಾತೀತ ಕಿರಣ ಬೇಕು. ಮೇಲೆ ಕೆಳಗೆ ತಿರುಗುವ ಪೆಡಲಿನ ರಿಫ್ಲೆಕ್ಟರ್ ಕಿತ್ತುಹೋಗಿದ್ದರೆ ನಾಳೆಯೇ ಹಾಕಿಸಿಕೊಳ್ಳಿ. ಹಿಂದೆ ಕೆಂಪು ದೀಪವೂ ಇರಲಿ.

ಸವಾರರು ಹೆಚ್ಚಿದಷ್ಟೂ ಸವಾರಿ ಸುರಕ್ಷಿತವಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಪೀಟರ್ ಜೇಕಬ್‌ಸನ್ 2003ರಲ್ಲಿ ಹಲವು ಊರು, ದೇಶಗಳ ಅಂಕಿಅಂಶ ಜೋಡಿಸಿ ನೋಡಿದಾಗ, ಸೈಕಲ್ ತುಳಿಯುವವರು ದುಪ್ಪಟ್ಟಾದರೂ ಪೆಟ್ಟು ತಿನ್ನುವವರು ಮೂರನೇ ಒಂದರಷ್ಟು ಮಾತ್ರ ಹೆಚ್ಚುತ್ತಿದ್ದರು. ಡ್ರೈವರುಗಳ ಮಿದುಳು ಸೈಕಲ್ಲನ್ನು ನಿರೀಕ್ಷಿಸಲು ಕಲಿಯುವುದು ಇದಕ್ಕೊಂದು ಕಾರಣವಿರಬಹುದು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಬಂದದ್ದನ್ನು ನಾನು ಈ ಕಾರಣಕ್ಕೂ ಮೆಚ್ಚುತ್ತೇನೆ.

ಮಕ್ಕಳ ಮಾತು ಬೇರೆ. ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ, ಗಂಟೆಗೆ ಮೂವತ್ತು ಕಿ.ಮೀ. ದಾಟಿದ ವೇಗದಲ್ಲಿ ತಮ್ಮತ್ತ ಬರುವ ವಾಹನ ಬರುತ್ತಿದೆ ಎಂಬುದೇ ಖಾತ್ರಿಯಾಗಿ ತಿಳಿಯುವುದಿಲ್ಲ ಎಂದು ಲಂಡನ್ನಿನ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ಅದು ತುಂಟತನವಲ್ಲ, ದೃಷ್ಟಿ ಇನ್ನೂ ಬಲಿತಿರುವುದಿಲ್ಲ. ಹೈಸ್ಕೂಲಿಗೆ ಬರುವ ಹೊತ್ತು ಕಲಿಸಲು ಸರಿಯಾದದ್ದು. ನಮ್ಮ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಲಕ್ಷಗಟ್ಟಲೆ ಸೈಕಲ್ ಹಂಚಿತು. ರಸ್ತೆಯ ಪಾಠ ಅದರ ಜೊತೆ ಬರಲಿಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ಮಕ್ಕಳು ಹನ್ನೊಂದು ಹನ್ನೆರಡರ ವಯಸ್ಸಿಗೆ ಶಾಲೆಯಲ್ಲೇ ಸಂಚಾರ ಪರೀಕ್ಷೆ ಬರೆದು, ನಿಜವಾದ ರಸ್ತೆಯಲ್ಲಿ ಸೈಕಲ್ ತುಳಿದು ತೋರಿಸುತ್ತಾರೆ.

ಪಿ.ಟಿ. ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮೈದಾನದಲ್ಲಿ ಸುಣ್ಣದ ಗೆರೆ ಎಳೆಯಿರಿ. ಮಗು ಗೆರೆಯ ಮೇಲೆ ಸೈಕಲ್ ತುಳಿಯುವಾಗ ಹಿಂದೆ ನಿಂತು ಬೆರಳು ಎತ್ತಿ ಹಿಡಿಯಿರಿ. ಬಲಭುಜದ ಮೇಲಿಂದ ತಿರುಗಿ ನೋಡಿ ಎಷ್ಟು ಬೆರಳೆಂದು ಹೇಳಲಿ. ಮೊದಲಿಗೆ ಕತ್ತು ತಿರುಗಿದ ಕಡೆಗೇ ಹ್ಯಾಂಡಲ್ಲೂ ತಿರುಗಿ ಗೆರೆ ತಪ್ಪುತ್ತದೆ. ತಪ್ಪದೆ ಹೇಳಲು ಬರುವವರೆಗೆ ಆ ಮಗುವನ್ನು ಮುಖ್ಯರಸ್ತೆಗೆ ಕಳಿಸಬೇಡಿ.