ಗಣಕದ ಓಲೆಗಳು: ‘ಕಾಪಿ-ಆನ್-ರೈಟ್’ ಕಡತವ್ಯವಸ್ಥೆ ಮತ್ತು ಅದರ ದೋಷಶೋಧನೆ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದಂತಹ ಸಂಸ್ಥೆಗಳಲ್ಲಿರುವ ತಾಳೆಗರಿಯ ಅಕ್ಷರ ಸವೆದರೆ ಕಣ್ಣಿಗೆ ಕಾಣುತ್ತದೆ. ಗಣಕಪ್ರತಿಯಲ್ಲಿ ಒಂದು ಬಿಟ್ ಕೆಟ್ಟರೆ ಕಾಣದು. ಆದ್ದರಿಂದ ಗಣಕದ ಬರವಣಿಗೆಯ ಕ್ರಮವು ಗ್ರಂಥಸಂಪಾದಕರೂ ಅರಿಯತಕ್ಕ ವಿಷಯವಾಗಿದೆ.

ಹಳೆಯ ಬರಹದ ಮೇಲೆಯೇ ಹೊಸದನ್ನು ಬರೆಯುವಾಗ ವಿದ್ಯುತ್ ಕಡಿತವಾದರೆ ಎರಡೂ ಕೆಡಬಹುದು. ಕಾಪಿ-ಆನ್-ರೈಟ್ ಕ್ರಮದಲ್ಲಿ ತಿದ್ದುಪಡಿಯನ್ನು ಬೇರೊಂದು ಓಲೆಯಲ್ಲಿ ಬರೆದು, ಅದು ಪೂರ್ಣಗೊಂಡ ಬಳಿಕವೇ ಸೂಚಿಯನ್ನು ಅತ್ತ ತಿರುಗಿಸಲಾಗುತ್ತದೆ. ಬದಲಾಗದ ಓಲೆಗಳು ಹಳೆಯ, ಹೊಸ ಪ್ರತಿಗಳೆರಡಕ್ಕೂ ಸಮಾನ. 2007ರಲ್ಲಿ ಕ್ರಿಸ್ ಮೇಸನ್ ಆರಂಭಿಸಿದ ಮುಕ್ತ ತಂತ್ರಾಂಶ ‘ಬಿಟಿಆರ್‌ಎಫ್‌ಎಸ್’ ಈ ಬಗೆಯದು. 2009ರಲ್ಲಿ ಲಿನಕ್ಸ್ ಕರ್ನಲ್‌ನ 2.6.29ನೆಯ ಆವೃತ್ತಿಯನ್ನು ಸೇರಿತು.

ಇಲ್ಲಿ ಬರವಣಿಗೆಯ ಅನುಕ್ರಮವೇ ಜೀವಾಳ. ಸೂಚಿಯು ಓಲೆಗಿಂತ ಮೊದಲೇ ಡಿಸ್ಕ್ ತಲುಪಿದರೆ ಅದು ಶೂನ್ಯವನ್ನು ತೋರಿಸೀತು. ಅಭಿವೃದ್ಧಿಕಾರರು ಪ್ರತಿಯೊಂದು ಬರಹವನ್ನೂ ಅನುಕ್ರಮವಾಗಿ ದಾಖಲಿಸಿ, ನಡುನಡುವೆ ಕಡಿದು, ಉಳಿದ ಭಾಗ ಸುಸಂಗತವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ‘ಸ್ಕ್ರಬ್’ ಸಾಧನವು ಖಂಡಗಳನ್ನು ಅವುಗಳ ಚೆಕ್‌ಸಮ್‌ನೊಡನೆ ಹೋಲಿಸಿ ಕೆಟ್ಟುದನ್ನು ಗುರುತಿಸುತ್ತದೆ. ಸರಿಯಾದ ಇನ್ನೊಂದು ಪ್ರತಿಯಿದ್ದರೆ ಮಾತ್ರ ತಿದ್ದುತ್ತದೆ. ‘ಚೆಕ್’ ಸಾಧನದ ‘ರಿಪೇರ್’ ಆಯ್ಕೆಯನ್ನು ತಜ್ಞರ ಸಲಹೆಯಿಲ್ಲದೆ ಬಳಸಬಾರದೆಂದು ಕೈಪಿಡಿಯೇ ಎಚ್ಚರಿಸುತ್ತದೆ. ಪ್ರತ್ಯಂತರವಿಲ್ಲದೆ ಊಹಿಸಿ ತುಂಬಿದ ಪಾಠ ಮೂಲವನ್ನೇ ಮರೆಮಾಡುವಂತೆ, ದುಡುಕಿನ ದುರಸ್ತಿ ಉಳಿದುದನ್ನೂ ಕೆಡಿಸಬಲ್ಲದು.

‘ಸ್ನ್ಯಾಪ್‌ಶಾಟ್’ ಹಿಂದಿನ ಸ್ಥಿತಿಯನ್ನು ಕಾಪಾಡುತ್ತದೆ, ನಿಜ. ಆದರೆ ಅದೂ ಅವೇ ಓಲೆಗಳನ್ನು ಹಂಚಿಕೊಂಡಿರುವುದರಿಂದ ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಧಾರವಾಡದ ಗಣಕಪ್ರತಿಗೆ ಹುಬ್ಬಳ್ಳಿಯಲ್ಲಿ, ಬೇರೆಯೇ ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಇರಿಸುವುದೇ ನಿಜವಾದ ರಕ್ಷಣೆ.